ಮಗಳಿಗೆಂದು ಉಳಿಸಿಟ್ಟ ತಂಪು

ಟ್ಯಾಕ್ಸಿಯವನಿಗೆ ಮಗಳು ಸಿಗುತ್ತಿದ್ದುದು ತಿಂಗಳಿಗೊಂದೇ ಭಾನುವಾರ, ಅದೂ ನಾಲ್ಕೇ ಗಂಟೆ. ಹೆಂಡತಿ ಬೇರೆಯಾದ ಮೇಲೆ ಅವನು ಇನ್ನೂ ಮೂವರು ಡ್ರೈವರುಗಳ ಜೊತೆ ಒಂದೇ ರೂಮಿನಲ್ಲಿದ್ದ. ಆ ಗಬ್ಬಿಗೆ ಹತ್ತು ವರ್ಷದ ಹುಡುಗಿಯನ್ನು ಕರೆತರುವುದುಂಟೇ? ಹಾಗಾಗಿ ಕಾರೇ ಅವರಿಬ್ಬರ ಮನೆ. ಮರದಡಿ ನಿಲ್ಲಿಸಿ, ಗಾಜು ಏರಿಸಿ, ಎಸಿ ಹಾಕಿದನೆಂದರೆ ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಶಾಲೆಯ ಪುರಾಣವನ್ನೆಲ್ಲ ಬಿಚ್ಚುತ್ತಿದ್ದಳು. ಉಳಿದ ದಿನಗಳನ್ನು ಅವನು ಆ ಮಾತುಗಳನ್ನು ಮೆಲುಕು ಹಾಕುತ್ತ ತಳ್ಳುತ್ತಿದ್ದ.

ಬೇಸಿಗೆ ಶುರುವಾಗುವಾಗಲೇ ಎಸಿಯ ಕಂಪ್ರೆಸರ್ ಗೊರಗೊರ ಎನ್ನತೊಡಗಿತು. ಹೊಸದು ಹಾಕಿಸುವುದು ಅವನ ಕೈಲಾಗುವ ಮಾತಲ್ಲ. ಪುಣ್ಯಾತ್ಮ ಒಂದು ಉಪಾಯ ಹೂಡಿದ: ಭಾನುವಾರದವರೆಗೆ ಎಸಿಯ ಗುಂಡಿ ಮುಟ್ಟುವುದೇ ಬೇಡ, ಇರುವಷ್ಟು ಜೀವ ಮಗಳಿಗಿರಲಿ. ಮೂರು ವಾರ ಪ್ರಯಾಣಿಕರು ಬೆವರು ಸುರಿಸುತ್ತ ಬೈದರು. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ, ಒಮ್ಮೆ ನೋಡೇ ಬಿಡೋಣ ಎಂದು ಗುಂಡಿ ಒತ್ತಿದ. ಗಾಡಿ ಕಿರ್ರೆಂದು ಚೀರಿತು, ಬೆಲ್ಟಿನಿಂದ ಹೊಗೆ ಎದ್ದಿತು.

ಮೆಕ್ಯಾನಿಕ್ ಬಗ್ಗಿ ನೋಡಿದರೆ ಕಂಪ್ರೆಸರಿನ ಚಕ್ರ ಕಚ್ಚಿಕೊಂಡು ಕೂತಿತ್ತು. ಎಸಿ ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದ. ಇವನು ಹೆಮ್ಮೆಯಿಂದಲೇ ಲೆಕ್ಕ ಒಪ್ಪಿಸಿದ.

"ಅಲ್ಲಪ್ಪಾ, ಆಗಾಗ ಓಡಿಸ್ತಾ ಇದ್ರೇನೇ ಅದರೊಳಗೆ ಎಣ್ಣೆ ಆಡೋದು. ಸುಮ್ನೆ ಇಟ್ಟು ಇಟ್ಟು ನೀನೇ ಕೊಂದೆ ಅದನ್ನ."

ಇವನಿಗೆ ಅಲ್ಲೇ ಅಳು ಬಂತು. ಮೆಕ್ಯಾನಿಕ್ ಮತ್ತೆ ಬೈಯಲು ಹೋಗದೆ, ಕಂಪ್ರೆಸರನ್ನು ಬಿಟ್ಟು, ಅದೇ ಬೆಲ್ಟಿನಿಂದ ತಿರುಗುವ ಎಂಜಿನ್ನಿನ ಮಿಕ್ಕ ಚಕ್ರಗಳಿಗೆ ದಾರ ಸುತ್ತಿ ಅಳತೆ ತೆಗೆದ. ಅಷ್ಟೇ ಉದ್ದದ ಗಿಡ್ಡ ಬೆಲ್ಟು ಹುಡುಕಿ ತೊಡಿಸಿದ. ಗಾಡಿ ಓಡುತ್ತದೆ, ತಂಪು ಮಾತ್ರ ಕೇಳಬೇಡ ಎಂದ.

ಭಾನುವಾರ ಬಿಸಿಲು ಬೆಂಕಿ. ಮಗಳು ಸ್ವೆಟರ್ ಹಿಡಿದುಕೊಂಡು ಬಂದಳು. ಅಪ್ಪನ ಕಾರಿನಲ್ಲಿ ಚಳಿಯಲ್ಲವೇ! ವಿಷಯ ಕೇಳಿ ಪರವಾಗಿಲ್ಲ ಎಂದಳು. ಆದರೆ ಕಿಟಕಿ ತೆಗೆದು ಓಡಿಸಿದರೆ ಗಾಳಿಯ ಅಬ್ಬರಕ್ಕೆ ಮಾತು ಕೇಳದು, ನಿಲ್ಲಿಸಿದರೆ ಒಳಗೆಲ್ಲ ಒಲೆ. ಒಂದೂವರೆ ಗಂಟೆಯೊಳಗೆ ಅವಳ ಮುಖ ಕೆಂಪೇರಿತು, ತಲೆನೋವೂ ಹತ್ತಿತು.

"ಮನೆಗೆ ಹೋಗ್ಲೇನಪ್ಪಾ?" ಎಂದು ಮೆಲ್ಲಗೆ ಕೇಳಿದಳು.

ಇನ್ನೊಂದು ಗಂಟೆ ಇರು ಕಂದಾ ಎನ್ನಬೇಕೆಂದುಕೊಂಡ. ಅವಳ ಕೆಂಪೇರಿದ ಮುಖ ನೋಡಿ ಗಾಡಿಯನ್ನು ಅವಳ ಮನೆ ಕಡೆ ತಿರುಗಿಸಿದ.

ಬಾಗಿಲು ತೆಗೆದ ಅವಳಮ್ಮ, ಇಷ್ಟು ಬೇಗ ಯಾಕೆ ಎಂದು ಹುಬ್ಬೇರಿಸಿದಳು. ಅವನು ತಡವರಿಸುವಷ್ಟರಲ್ಲಿ ಮಗಳೇ ಹೇಳಿದಳು, "ಅಪ್ಪಂಗೆ ಅರ್ಜೆಂಟ್ ಬಾಡಿಗೆ ಬಂತಮ್ಮಾ."

ಮಗಳ ಭಾನುವಾರದಂದು ಅವನು ಈವರೆಗೆ ಒಂದೇ ಒಂದು ಬಾಡಿಗೆಯನ್ನೂ ಒಪ್ಪಿಕೊಂಡವನಲ್ಲ. ಹೌದೆಂದು ತಲೆಯಾಡಿಸಿ, ಯಾರೋ ತನಗಾಗಿ ಕಾಯುತ್ತಿದ್ದಾರೇನೋ ಎಂಬಂತೆ ಬಿರಬಿರನೆ ಮೆಟ್ಟಿಲಿಳಿದ.