ಜಲೀಲ್ ಸಾಹೇಬರ ಸಾಕ್ಷ್ಯ

ಗಿರಾಕಿಯನ್ನು ಬರಿಗೈಯಲ್ಲಿ ಹಿಂದೆ ಕಳಿಸುವುದನ್ನೇ ವ್ರತದಂತೆ ಪಾಲಿಸುವ ವ್ಯಾಪಾರಿ ಶಿರಸಿಯಲ್ಲಿ ಯಾರಾದರೂ ಇದ್ದರೆ ಅದು ಯಲ್ಲಾಪುರ ರಸ್ತೆಯ ಜಲೀಲ್ ಸಾಹೇಬರೊಬ್ಬರೇ. ಸೊರಗಿದ ಬೈಕ್ ಬ್ಯಾಟರಿಯನ್ನು ಚಾರ್ಜ್ ಮಾಡಿಸಲು ಹಿಡಿದು ಬಂದವರಿಗೆಲ್ಲ ಅವರದು ಒಂದೇ ಮಾತು: "ನಾಳೆ ಬನ್ನಿ." ಆಸಿಡ್ ಸಿಡಿದು ಜಾಲರಿಯಂತಾದ ಕಂದು ಕೋಟು, ಎಡಗಾಲನ್ನು ತುಸು ಎಳೆದಿಡುವ ನಡಿಗೆ, ಬ್ಯಾಟರಿಯನ್ನು ಎರಡೂ ಕೈಗಳಿಂದ ಹಸುಗೂಸಿನಂತೆ ಎತ್ತಿಕೊಂಡು ಹಲಗೆಯ ಮೇಲಿಡುವ ರೀತಿ, ಇವೆಲ್ಲದರಲ್ಲೂ ಅವಸರಕ್ಕೆ ಎಡೆಯಿಲ್ಲದ ಒಂದು ಗಾಂಭೀರ್ಯವಿತ್ತು.

ಪುಷ್ಯಮಾಸದ ಚಳಿ ಹಿಡಿಯಿತೆಂದರೆ ಊರಿನ ಅರ್ಧಕ್ಕರ್ಧ ಬೈಕುಗಳು ಬೆಳಿಗ್ಗೆ ಏಳುವುದಿಲ್ಲ. ಹೊಸ ಗಾಡಿಗಳಿಗೆ ಒದೆಯಲು ಕಿಕ್ಕರ್ ಕೂಡ ಇಲ್ಲ. ರಜೆಯಲ್ಲಿ ನಿಂತೇ ಇದ್ದ ನನ್ನ ಗಾಡಿಯ ಬ್ಯಾಟರಿ ಒಯ್ದಾಗ ಅವರು ನನ್ನನ್ನು ವಿದ್ಯಾರ್ಥಿಯಂತೆ ಗದರಿಸಿದ್ದರು.

"ಹದಿನೈದು ದಿನ ನಿಲ್ಲಿಸೂದಾದ್ರೆ ವಯರ್ ಬಿಚ್ಚಿಡ್ಬೇಕು ಮಾಸ್ತರ್ರೇ. ದಿನಾ ಎರಡು ನಿಮಿಷ ಚಾಲೂ ಮಾಡಿ ಬಂದ್ ಮಾಡಿದ್ರೆ ಇದ್ದದ್ದೂ ಖಾಲಿ. ಚಳಿಗೆ ಇದೂ ಮುದುಡ್ತದೆ. ನಿಧಾನಕ್ಕೆ ಉಣ್ಣಿಸ್ಬೇಕು."

ಎರಡು ವರ್ಷದ ಹಿಂದಿನ ಅಂಥದೇ ಒಂದು ಚಳಿಗಾಲದ ಮಧ್ಯಾಹ್ನ ಹುಲಗೋಳದ ರೈತ ಮಾದೇವ ಬ್ಯಾಟರಿ ಹಿಡಿದು ಅಂಗಡಿಗೆ ಬಂದಾಗ ನಾನೂ ಅಲ್ಲೇ ಕುಳಿತಿದ್ದೆ. ಅವನ ಮಗಳು ಭೂಮಿಕಾ ಯಲ್ಲಾಪುರದ ಹಾಸ್ಟೆಲಿನಲ್ಲಿದ್ದಳು. ಜ್ವರ, ಬೆಳಿಗ್ಗೆ ಬಂದು ಕರೆದೊಯ್ಯಿರಿ ಎಂದು ಫೋನು ಬಂದಿತ್ತು.

"ನಾಳೆ ಬಾ ಮಾದೇವ," ಎಂದರು ಸಾಹೇಬರು. "ಈಗ ಹಾಕಿದ್ರೆ ಸಂಜೆಗೆ ಅರ್ಧವೂ ತುಂಬೂದಿಲ್ಲ."

"ಬೆಳಿಗ್ಗೆ ಆರಕ್ಕೇ ಹೊರಡ್ಬೇಕು ಸಾಯ್ಬ್ರೇ. ಒಂದೇ ಮಗಳು. ಅಲ್ಲಿವರೆಗೆ ಹೋದ್ರೆ ಸಾಕು."

ಸಾಹೇಬರು ಬ್ಯಾಟರಿಯನ್ನು ಎತ್ತಿಕೊಂಡು ಚಾರ್ಜಿಗೆ ಹಾಕಿದರು. ಸಂಜೆ, ನಾನು ಕಂಡಂತೆ ಮೊದಲ ಬಾರಿಗೆ, ಅರೆಹೊಟ್ಟೆಯ ಬ್ಯಾಟರಿಯೊಂದು ಆ ಅಂಗಡಿಯಿಂದ ಹೊರಬಿತ್ತು. "ನಡುವೆ ಎಲ್ಲೂ ಬಂದ್ ಮಾಡ್ಬೇಡ," ಎಂದು ಅವರು ಎರಡು ಸಲ ಕೂಗಿ ಹೇಳಿದರು.

ಮರುದಿನ ಬೆಳಗಿನ ದಟ್ಟ ಮಂಜಿನಲ್ಲಿ, ಯಲ್ಲಾಪುರದ ದಾರಿಯ ಕಾಡಿನ ತಿರುವೊಂದರಲ್ಲಿ, ದಿಮ್ಮಿ ತುಂಬಿದ ಲಾರಿ ಹಿಂದಿನಿಂದ ಬಡಿದು ಮಾದೇವ ಸ್ಥಳದಲ್ಲೇ ತೀರಿಕೊಂಡ. "ಬೈಕು ರಸ್ತೆ ಮೇಲೆ ನಿಂತೇ ಇತ್ತು, ಒಂದು ದೀಪವೂ ಇರ್ಲಿಲ್ಲ," ಎಂದು ಲಾರಿಯ ಚಾಲಕ, ಯಲ್ಲಾಪುರದ ಅಫ್ರೋಜ್, ಅತ್ತು ಹೇಳಿದ. ಯಾರೂ ನಂಬಲಿಲ್ಲ. ವೇಗವಾಗಿ ಓಡಿಸಿದ ಆರೋಪದ ಮೇಲೆ ಅವನನ್ನು ಬಂಧಿಸಿದರು.

ಮೂರನೆಯ ದಿನ ಸಾಹೇಬರು ಅಂಗಡಿಯ ಬಾಗಿಲೆಳೆದು, ಯಾರೂ ಕರೆಯದಿದ್ದರೂ, ನನ್ನನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. "ಆ ಹುಡುಗ ಸುಳ್ಳು ಹೇಳ್ತಿಲ್ಲ," ಎಂದರು. "ಗಾಡಿ ಒಮ್ಮೆ ಬಂದ್ ಬಿದ್ರೆ ಮತ್ತೆ ಏಳುವಷ್ಟು, ದೀಪ ಉರಿಸುವಷ್ಟು ಜೀವ ಆ ಬ್ಯಾಟರಿಲಿ ಇರ್ಲಿಲ್ಲ. ಕೊಟ್ಟವ ನಾನು." ಬ್ಯಾಟರಿ ತೆಗೆಸಿ ನೋಡಿದಾಗಲೂ ಹಾಗೆಯೇ ಕಂಡಿತು. ವರ್ಷದ ಮೇಲೆ ನ್ಯಾಯಾಲಯ ಅಫ್ರೋಜನನ್ನು ಬಿಟ್ಟಿತು. ಅವನು ಮತ್ತೆ ಲಾರಿ ಹತ್ತಲಿಲ್ಲ.

ಊರು ಮಾತ್ರ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಿತು. ತಮ್ಮವನನ್ನು ಉಳಿಸಲು ಸಾಯ್ಬರು ಕಥೆ ಕಟ್ಟಿದರೆಂದು ಚಹಾದಂಗಡಿಗಳಲ್ಲಿ ಆಡಿಕೊಂಡರು. ಹುಲಗೋಳದ ಕಡೆಯ ಬೈಕುಗಳು ಬರುವುದು ನಿಂತಿತು. "ನಿಮ್ಮನ್ನ ಕೇಳಿದವ್ರು ಯಾರು?" ಎಂದು ಮಡದಿ ಜುಬೇದಾ ಕಣ್ಣೊರೆಸಿಕೊಂಡರು.

ಒಂದು ದಿನ ಮಾದೇವನ ತಾಯಿ ದ್ಯಾವಮ್ಮ ಅಂಗಡಿಯೆದುರು ಬಂದು ನಿಂತಳು. ಕೂರೆಂದರೂ ಕೂರಲಿಲ್ಲ.

"ನಿಮ್ಮ ಜನ ಅಂತ ಅವನ್ನ ಉಳ್ಸಿದ್ರಾ ಸಾಯ್ಬ್ರೇ?"

"ಇಲ್ಲ ಅವ್ವಾ. ಇದ್ದದ್ದು ಹೇಳ್ದೆ. ಬ್ಯಾಟರಿ ಪೂರಾ ಆಗಿರ್ಲಿಲ್ಲ."

"ನನ್ನ ಮಗನಿಗೆ ಹೇಳಿದ್ರಾ ಅದನ್ನ?"

"ಹೇಳಿದ್ದೆ. ನಾಳೆ ಬಾ ಅಂದಿದ್ದೆ."

ಮುದುಕಿ ಅವರನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ; ತಿಳಿಯದೆ ಕೇಳುವವಳ ದನಿ ಅದು.

"ಮತ್ತೆ ಎಂತಕ್ಕೆ ಕೊಟ್ಟದ್ದು?"

ಜ್ವರದ ಮಗುವಿನ ಮಾತು ಅವರ ನಾಲಿಗೆಯ ತುದಿಯಲ್ಲಿ ಇದ್ದಿರಬೇಕು. ಅವಳಿಗಾಗಿ ಕೊಟ್ಟೆನೆಂದಿದ್ದರೆ ಸಾವಿನ ಭಾರ ಭೂಮಿಕಾಳ ತಲೆಗೆ ಹೋಗುತ್ತಿತ್ತು. ಸಾಹೇಬರು ತಲೆ ತಗ್ಗಿಸಿದರು. ದ್ಯಾವಮ್ಮ ಸೆರಗನ್ನು ಹೊದ್ದುಕೊಂಡು ಬಸ್ಸಿನ ಕಡೆಗೆ ನಡೆದಳು. ಅವಳು ಮತ್ತೆ ಬರಲಿಲ್ಲ.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಸಾಹೇಬರನ್ನು ಕಂಡ ಮೇಲೆ ಆ ಪಾಠ ಹೇಳುವಾಗ ನನ್ನ ದನಿ ಇಳಿಯುತ್ತದೆ. ಕಸುಬಿನ ಕಟ್ಟಳೆಯನ್ನು ಜೀವಮಾನವಿಡೀ ಕಾಯ್ದು, ಒಮ್ಮೆ ಮಾತ್ರ ಕನಿಕರಕ್ಕೆ ಸೋತ ಇಂಥವರು ಆ ಕನಿಕರವನ್ನು ತಪ್ಪೆಂದು ಕರೆಯಲಾರರು, ಸರಿಯೆಂದು ಸಮಾಧಾನಪಡಲೂ ಆರರು. ಎರಡರ ನಡುವೆ, ಯಾರಿಗೂ ಹೊರಿಸದೆ, ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಕೂರುತ್ತಾರೆ.