ಗೋಡೆಗೇರಿದ ಕರಿಯಮ್ಮ

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ಸುಧಾಮಣಿಗೆ ಮೃತ್ಯುಂಜಯ ಮೇಷ್ಟ್ರ ಸಮಾಜಪಾಠವೆಂದರೆ ಪ್ರಾಣ. 2006ರಲ್ಲಿ ಎರಡನೇ ಮಹಾಯುದ್ಧದ ಪಾಠ ಬಂದಾಗ ಮೇಷ್ಟ್ರು ಪಠ್ಯಪುಸ್ತಕ ಬದಿಗಿಟ್ಟು, ಚಿತ್ರಗಳಲ್ಲೇ ಬರೆದ ಒಂದು ಆತ್ಮಕಥೆ ತಂದರು. ಅಮೆರಿಕದಲ್ಲೇ ಹುಟ್ಟಿದ ಹುಡುಗಿಯೊಬ್ಬಳನ್ನು, ಹಿರಿಯರು ಜಪಾನಿನವರೆಂಬ ಒಂದೇ ಕಾರಣಕ್ಕೆ, ಯುದ್ಧದ ಸಮಯದಲ್ಲಿ ಅಲ್ಲಿನ ಸರ್ಕಾರದವರೇ ಮುಳ್ಳುತಂತಿಯ ಕ್ಯಾಂಪಿನಲ್ಲಿ ಕೂಡಿಹಾಕಿದ್ದರು. ಮುದುಕಿಯಾದ ಮೇಲೆ ಅವಳೇ ಅದನ್ನು ಚಿತ್ರ ಬರೆದು ಹೇಳಿದ್ದಳು. ಮೇಷ್ಟ್ರು ಒಂದೊಂದೇ ಪುಟ ತೋರಿಸುತ್ತ ಕನ್ನಡದಲ್ಲಿ ವಿವರಿಸಿದರು. ನಾವು ಯಾರೆಂದು ಬೇರೆಯವರೇ ತೀರ್ಮಾನಿಸಿಬಿಟ್ಟರೆ ಹೇಗಿರುತ್ತದೆ ಎಂದು ಕೇಳಿದರು. ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ ಬರೆದು ತನ್ನಿ, ನನ್ನನ್ನು ಬಿಟ್ಟು ಯಾರೂ ನೋಡುವುದಿಲ್ಲ ಎಂದರು.

ಸುಧಾಮಣಿಯ ಅಜ್ಜಿ ಕರಿಯಮ್ಮ ಕುಂಟುತ್ತಿದ್ದಳು. ಬಾವಿಕಟ್ಟೆಯಿಂದ ಬಿದ್ದಳೆಂದು ಅವರಿದ್ದ ಹಳ್ಳಿ ಬೇಗೂರಿನವರೆಲ್ಲ ನಂಬಿದ್ದರು. ಅವತ್ತು ಸಂಜೆ ಸುಧಾಮಣಿ ಅಜ್ಜಿಯ ಕಾಲು ಒತ್ತುತ್ತ ಕೇಳಿದಳು, ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟಳು. ಕರಿಯಮ್ಮ ಮೆಲ್ಲಗೆ ಬಾಯಿಬಿಟ್ಟಳು. ಹಿಂದೆ ಕಾಡಂಚಿನ ಪುಣಜನೂರಿನಲ್ಲಿದ್ದಾಗ, ಕಾಡುಗಳ್ಳರಿಗೆ ಅನ್ನ ಬೇಯಿಸಿಕೊಟ್ಟಳೆಂಬ ಅನುಮಾನದಲ್ಲಿ ಪೊಲೀಸರು ಅವಳನ್ನು ಎಳೆದೊಯ್ದು ಒಂದಿಡೀ ಮಳೆಗಾಲ ತಮ್ಮ ಕ್ಯಾಂಪಿನಲ್ಲಿ ಇಟ್ಟಿದ್ದರು. ಕಾಲು ಮುರಿದದ್ದು ಅಲ್ಲಿ. ಬಿಡುಗಡೆಯಾದ ಮೇಲೆ ಮಗ ಸಂಸಾರವನ್ನೇ ಬೇಗೂರಿಗೆ ತಂದು, ಈ ಮಾತು ಎತ್ತಲೇಬಾರದು ಎಂದಿದ್ದ.

ಸುಧಾಮಣಿ ಅದನ್ನೆಲ್ಲ ಆ ಪುಸ್ತಕದ ಹಾಗೆಯೇ ಪೆನ್ಸಿಲಿನಲ್ಲಿ ಚಿತ್ರ ಬರೆದು ಮೇಷ್ಟ್ರ ಕೈಗಿಟ್ಟಳು. ಅವರು ಕಣ್ಣೊರೆಸಿಕೊಂಡರು. ಅವರಂಥವರು ಇನ್ನೊಬ್ಬರಿಲ್ಲ ಎನ್ನಿಸಿತು ಅವಳಿಗೆ.

ತಿಂಗಳೊಪ್ಪತ್ತಿನಲ್ಲಿ ಚಾಮರಾಜನಗರದಲ್ಲಿ ಶಿಕ್ಷಕರ ವಸ್ತುಪ್ರದರ್ಶನ ನಡೆಯಿತು. ಮಕ್ಕಳನ್ನೂ ಬಸ್ಸಿನಲ್ಲಿ ಕರೆದೊಯ್ದರು. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಕರಿಯಮ್ಮ. ಚಿತ್ರಗಳನ್ನು ದೊಡ್ಡದು ಮಾಡಿಸಿದ್ದರು. ಮೇಲೆ ‘ಕಾಡುಗಳ್ಳರ ನೆರಳಲ್ಲಿ ಪುಣಜನೂರಿನ ಕರಿಯಮ್ಮ’ ಎಂದಿತ್ತು, ಕೆಳಗೆ ಮೇಷ್ಟ್ರ ಹೆಸರು. ಅವರಿಗೆ ಶಾಲು ಹೊದಿಸುತ್ತಿದ್ದರು, ಪತ್ರಿಕೆಯವರು ಫೋಟೊ ತೆಗೆಯುತ್ತಿದ್ದರು.

ಶಾಲು ಹೊದ್ದುಕೊಂಡೇ ಮೇಷ್ಟ್ರು ಅವಳ ಬಳಿ ಬಂದರು. “ಒಳ್ಳೇದಕ್ಕೇ ಮಾಡಿದ್ದು ಕಣಮ್ಮ. ಜನಕ್ಕೆ ಗೊತ್ತಾಗಬೇಕು.”

“ಆ ಪುಸ್ತಕದ ಹುಡುಗಿ ತನ್ನ ಕತೆ ತಾನೇ ಹೇಳಿದ್ಳು ಸಾರ್,” ಎಂದಳು ಸುಧಾಮಣಿ. “ನಮ್ಮಜ್ಜೀನ ಯಾರು ಕೇಳಿದ್ರು?”

ಯಾರೋ ಕರೆದರೆಂದು ಮೇಷ್ಟ್ರು ಅತ್ತ ಹೋದರು. ಅವಳು ಒಂದೊಂದೇ ಹಾಳೆಯನ್ನು ಗೋಡೆಯಿಂದ ಕಿತ್ತಳು. ಯಾರೂ ತಡೆಯಲಿಲ್ಲ. ಆದರೆ ಮಾರನೇ ದಿನ ಬೇಗೂರಿನ ಟೀ ಅಂಗಡಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಓಡಾಡಿತು. ನಲ್ಲಿಯ ಹತ್ತಿರ ಹೆಂಗಸರು ಕರಿಯಮ್ಮನ ಬಿಂದಿಗೆಗೆ ಜಾಗ ಬಿಟ್ಟು ದೂರ ಸರಿದರು. ಅಪ್ಪ ಮಗಳ ಮುಖ ನೋಡಲಿಲ್ಲ.

ಮೇಷ್ಟ್ರು ಮೋಸ ಮಾಡಿದರು ಎಂದು ಸುಧಾಮಣಿ ಅಜ್ಜಿಯ ಮುಂದೆ ಅತ್ತಳು. ಕರಿಯಮ್ಮ ಸೀರೆ ಮಡಚಿ ಚೀಲಕ್ಕೆ ತುಂಬುತ್ತಲೇ ಇದ್ದಳು.

“ಆ ಮೇಷ್ಟ್ರು ಯಾರೋ ಏನೋ, ಬುಡು,” ಎಂದಳು. “ನಾನು ಯೋಳಿದ್ದು ನಿಂಗ ಕಣಮ್ಮಿ.”

ಸುಧಾಮಣಿಯ ಅಳು ಅಲ್ಲೇ ನಿಂತಿತು. ಬಚ್ಚಿಟ್ಟುಕೊಳ್ಳಲು ಇನ್ನೇನೂ ಉಳಿದಿಲ್ಲವಾದ್ದರಿಂದ ಪುಣಜನೂರಿಗೇ ಹೋಗುತ್ತೇನೆ ಎಂದಳು ಕರಿಯಮ್ಮ. ಅಲ್ಲಿ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಮಗ ಬೇಡವೆಂದರೂ ಕೇಳಲಿಲ್ಲ. ಚೀಲ ಹೊರಲು ಸುಧಾಮಣಿ ಕೈ ಚಾಚಿದಳು. ಅಜ್ಜಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಕುಂಟುತ್ತ ಬಸ್ಸು ನಿಲ್ಲುವ ಕಡೆಗೆ ನಡೆದಳು.