ರೈಲಪ್ಪನ ಟೈರು ಜಗಳ

ಜೀವಮಾನವೆಲ್ಲ ರೈಲು ಓಡಿಸಿದವನಿಗೆ ಒಂದೇ ಒಂದು ಕೊರಗಿತ್ತು. ರೈಲಿಗೆ ಸ್ಟಿಯರಿಂಗ್ ಇರುವುದಿಲ್ಲ. ಹೊರಡಿಸುವುದು, ನಿಲ್ಲಿಸುವುದು, ನಡುವೆ ಸೀಟಿ ಹೊಡೆಯುವುದು, ಅಷ್ಟೇ. ತಿರುಗುವ ಕೆಲಸವನ್ನೆಲ್ಲ ಹಳಿಯೇ ನೋಡಿಕೊಳ್ಳುತ್ತದೆ. ಹಾಗಾಗಿ ಬೀದಿಯವರೆಲ್ಲ ರೈಲಪ್ಪ ಎಂದು ಕರೆಯುತ್ತಿದ್ದ ಈ ಮನುಷ್ಯ, ನಿವೃತ್ತನಾದ ಕೂಡಲೇ ಹೋಗಿ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದಾಗ ಹೆಂಡತಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇಷ್ಟ್ ವರ್ಷ ನೆಟ್ಟಗೆ ಹೋಗಿ ಹೋಗಿ ಬೇಜಾರಾಗಿರ್ಬೇಕು" ಎಂದಳು.

ಬೇಜಾರೇ ಆಗಿತ್ತು. ಊರಾಚೆ ಗುಡ್ಡ ಹತ್ತುವ ರಸ್ತೆಯ ತಿರುವುಗಳೆಂದರೆ ರೈಲಪ್ಪನಿಗೆ ಪ್ರಾಣ. ಬೆಳಿಗ್ಗೆ ಒಮ್ಮೆ ಅಲ್ಲಿ ಹೋಗಿ ಕಾರು ತಿರುಗಿಸಿಕೊಂಡು ಬಂದರೆ ಇಡೀ ದಿನ ಮುಖ ಅರಳಿರುತ್ತಿತ್ತು. ಹೀಗೇ ಹಲವು ವರ್ಷ ನಡೆಯಿತು. ಆಮೇಲೆ ಕಣ್ಣಿನ ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ದೀಪ ಬಿಟ್ಟು ನೋಡಿ, ಅಂಚಿನ ನೋಟ ಹೋಗಿದೆ, ಇನ್ನು ಮುಂದೆ ರಸ್ತೆಯಲ್ಲಿ ಗಾಡಿ ಓಡಿಸಬೇಡಿ ಎಂದುಬಿಟ್ಟರು.

ರೈಲಪ್ಪ ಹಟಮಾರಿ, ಆದರೆ ಹುಚ್ಚನಲ್ಲ. ಕೆಂಪು ದೀಪ ಕಂಡ ಮೇಲೆ ಮುಂದೆ ಹೋಗಿ ಅಭ್ಯಾಸವಿಲ್ಲ. ಮನೆಗೆ ಬಂದವನೇ ಮಗಳನ್ನೂ ಮಗನನ್ನೂ ಕರೆಸಿ, ಕಾರು ಇನ್ನು ನಿಮ್ಮಿಬ್ಬರದು ಎಂದು ಘೋಷಿಸಿದ. ಘೋಷಿಸಿದ ಮರುಗಳಿಗೆಯೇ ಕೊಡಲು ಮನಸ್ಸು ಬಾರದೆ ಬಾಲಂಗೋಚಿಯೊಂದನ್ನು ಸೇರಿಸಿದ.

"ಆದ್ರೆ ಟೈರು ಬಿರುಕು ಬಿಟ್ಟಿವೆ. ಹೀಗೇ ಕೊಡೋಕಾಗಲ್ಲ. ಹೊಸವು ಹಾಕ್ಸಿ, ಆಮೇಲೇ ಕೀ. ಎಷ್ಟು ಅಗಲದ್ದು ಅಂತ ಮಾತ್ರ ನೀವಿಬ್ರೂ ಒಪ್ಕೊಂಡು ಹೇಳ್ಬೇಕು."

ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೇ. ಯಾಕೆಂದರೆ ಅಕ್ಕ ತಮ್ಮ ಹುಟ್ಟಿದಾಗಿನಿಂದ ಎಣ್ಣೆ ಸೀಗೆಕಾಯಿ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದರಲ್ಲೂ ಅವರು ಒಪ್ಪಿದ್ದಿಲ್ಲ. ಟೈರಿನ ಅಗಲದ ಮೇಲೆ ಒಪ್ಪುವುದೆಂದರೆ ಈ ಜನ್ಮದ ಮಾತಲ್ಲ. ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲಿ, ಕೀ ಅವನ ಜೇಬಿನಲ್ಲಿ.

ಲೆಕ್ಕ ಸರಿಯಾಗಿಯೇ ಇತ್ತು. ಜಿಮ್ ನಡೆಸುವ ಮಗನಿಗೆ ಜಗತ್ತಿನಲ್ಲಿ ದಪ್ಪಗಿರುವುದೆಲ್ಲ ಒಳ್ಳೆಯದು. "ಇನ್ನೂರ ಇಪ್ಪತ್ತೈದು ಮಿಲಿಮೀಟರಿಂದು ಹಾಕ್ಸೋಣ ಅಪ್ಪ. ಅಗಲ ಇದ್ದಷ್ಟೂ ರಸ್ತೆ ಕಚ್ಕೊಳುತ್ತೆ" ಎಂದ. ಚಪ್ಪಲಿ ಅಂಗಡಿ ಇಟ್ಟಿರುವ ಮಗಳು, ಅಳತೆ ತಪ್ಪಿದ ಜೋಡು ಹಾಕಿಕೊಂಡವರ ಪಾಡನ್ನು ದಿನವೂ ನೋಡುವವಳು, ಮೂಗು ಮುರಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೋ. ಆ ರಿಮ್‌ಗೆ ಅಷ್ಟು ಅಗಲದ್ದು ಹಾಕಿದ್ರೆ ಪಕ್ಕ ಎಲ್ಲಾ ಉಬ್ಬಿಕೊಂಡು ತಿರುವಿನಲ್ಲಿ ವಾಲಾಡುತ್ತೆ. ಸ್ಟಿಯರಿಂಗ್ ಭಾರ ಆಗುತ್ತೆ. ಮಳೆ ನೀರಿನ ಮೇಲೆ ತೇಲುತ್ತೆ. ಮೊದಲಿದ್ದ ನೂರ ಎಂಬತ್ತೈದೇ ಸಾಕು, ರಬ್ಬರ್ ಒಳ್ಳೇದಿರ್ಲಿ."

"ಅಷ್ಟು ಕಿರಿದಾದ್ರೆ ಬ್ರೇಕ್ ಹಾಕಿದಾಗ ಜಾರ್ಕೊಂಡು ಹೋಗ್ತೀಯ."

"ಜಾರೋ ಮುಂಚೆ ನಂಗೆ ಗೊತ್ತಾಗುತ್ತೆ. ನಿನ್ನ ಅಗಲದ ಟೈರು ಹೇಳದೆ ಕೇಳದೆ ಕೈ ಕೊಡುತ್ತೆ."

ಬೆಂಕಿ ತಾನಾಗಿಯೇ ಉರಿಯುತ್ತಿತ್ತು, ರೈಲಪ್ಪ ತುಪ್ಪ ಸುರಿದ. ಮಗನನ್ನು ಒಬ್ಬನನ್ನೇ ಹಿತ್ತಲಿಗೆ ಕರೆದು, "ನೀನು ಹೇಳೋದೇ ಸರಿ, ಬಿಟ್ಕೊಡ್ಬೇಡ" ಎಂದ. ಮಗಳ ಅಂಗಡಿಗೆ ಹೋಗಿ, "ಅವನಿಗೇನ್ ಗೊತ್ತು, ನೀನು ಗಟ್ಟಿಯಾಗಿರು" ಎಂದ. ಹೀಗೆ ಎರಡು ಕಡೆಯೂ ಬೆನ್ನು ತಟ್ಟಿ ಬಂದು, ಸಂಜೆಯಾದರೆ ಶೆಡ್ಡಿನ ಬಾಗಿಲು ತೆಗೆದು ಕಾರಿನಲ್ಲಿ ಕೂರುತ್ತಿದ್ದ. ಬ್ಯಾಟರಿ ಸಾಯಬಾರದೆಂದು ಎಂಜಿನ್ ಚಾಲೂ ಮಾಡುವುದು ನೆಪ. ಸ್ಟಿಯರಿಂಗ್ ಹಿಡಿದು ಗುಡ್ಡದ ರಸ್ತೆಯನ್ನು ತಲೆಯೊಳಗೇ ಹತ್ತಿ ಇಳಿಯುತ್ತಿದ್ದ. ಅಲ್ಲಿ ಕೂತಷ್ಟು ಹೊತ್ತು ಡಾಕ್ಟರ ಮಾತು ಬೇರೆ ಯಾರಿಗೋ ಹೇಳಿದ್ದೆನ್ನಿಸುತ್ತಿತ್ತು.

ಪ್ರತಿ ಭಾನುವಾರ ಮಕ್ಕಳು ಊಟಕ್ಕೆ ಬರುವರು, ಜಗಳವಾಡುವರು, ಹೋಗುವರು. ರೈಲಪ್ಪನ ಹೊಟ್ಟೆ ಎರಡು ಸಲ ತುಂಬುತ್ತಿತ್ತು.

ಒಂದು ಶುಕ್ರವಾರ ಟೈರ್ ಅಂಗಡಿಯಿಂದ ಫೋನು ಬಂತು. ಮನೆಯ ನಂಬರಿಗೇ ಬಂದದ್ದರಿಂದ ಎತ್ತಿದವನು ರೈಲಪ್ಪ.

"ಸಾರ್, ನಿಮ್ಮ ನಾಲ್ಕು ಟೈರು ಇಲ್ಲೇ ಕೂತಿವೆ. ಗೋಡೌನಲ್ಲಿ ಕಾಲಿಡೋಕೆ ಜಾಗ ಇಲ್ಲ. ಯಾವಾಗ ಹಾಕಿಸ್ಕೊಳ್ತೀರಿ?"

"ಯಾವ ಟೈರು?"

"ನೂರ ತೊಂಬತ್ತೈದು ಸಾರ್, ನಾಲ್ಕೂ ಒಂದೇ ಅಳತೆ. ನಿಮ್ಮ ಮಗಳು, ಮಗ ಇಬ್ರೂ ಬಂದು ಆರಿಸಿಟ್ಟು ಹೋದ್ರಲ್ಲ. ಆಗಲೇ ತಿಂಗಳ ಮೇಲಾಯ್ತು. ರಿಮ್ ಅಳತೆ ಹೇಳಿದ್ರು, ಅದಕ್ಕೆ ಹೊಂದೋದ್ರಲ್ಲಿ ಅಗಲವಾದದ್ದು ಇದೇ ಅಂದೆ. ಇಬ್ರೂ ಹೂಂ ಅಂದ್ರು. ಚಹಾ ತರಿಸಿದ್ದೆ, ಅದು ಆರೋದ್ರೊಳಗೆ ಮುಗಿದುಹೋಯ್ತು."

ರೈಲಪ್ಪ ಫೋನಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತ. ಒಪ್ಪಿ ತಿಂಗಳಾಗಿದ್ದರೆ ಭಾನುವಾರಗಳ ಆ ಕೂಗಾಟ ಯಾತಕ್ಕೆ? ಹೆಂಡತಿ ಅಡುಗೆಮನೆಯಿಂದ ಇಣುಕಿ, ಯಾರ ಫೋನು ಎಂದು ಕೇಳಿದಳು. "ರಾಂಗ್ ನಂಬರು" ಎಂದ. ಅವಳು ಗಂಡನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ ಒಳಗೆ ಹೋದಳು. ಇವಳಿಗೂ ಗೊತ್ತಿದೆ ಎಂದುಕೊಂಡ.

ಆ ಭಾನುವಾರ ಅವನು ಊಟ ಬಿಟ್ಟು ಮಕ್ಕಳನ್ನೇ ಗಮನಿಸಿದ. ನಾಟಕ ಹಳಸಿತ್ತು. ಮಗಳು ಮೊದಲಿನ ಹಾಗೇ ರಿಮ್ಮು, ಮಳೆ ನೀರು ಎಂದು ಶುರು ಮಾಡಿದಳು. ಮಗನಿಗೆ ಆ ದಿನ ಜಿಮ್ಮಿನಲ್ಲಿ ಸುಸ್ತಾಗಿತ್ತೋ ಏನೋ, "ಅದಕ್ಕೇ ನಾನ್ ಹೇಳೋದು, ಕಿರಿದೇ ವಾಸಿ ಅಂತ" ಎಂದುಬಿಟ್ಟ. ಮೇಜಿನ ಕೆಳಗೆ ಅಕ್ಕ ಒದ್ದದ್ದು ರೈಲಪ್ಪನ ಕಾಲಿಗೆ ಬಿತ್ತು. "ಅಂದ್ರೆ, ಅಗಲ, ಅಗಲ ಅಂದೆ" ಎಂದು ಮಗ ತಿದ್ದಿಕೊಂಡ. ಅಮ್ಮ ಎದ್ದು, ಬೇಡದಿದ್ದರೂ ನೀರು ತರಲು ಹೋದಳು.

ತಾನು ಚಾಪೆಯ ಕೆಳಗೆ ತೂರಿದ್ದರೆ ಮಕ್ಕಳು ರಂಗೋಲಿಯ ಕೆಳಗೆ ತೂರಿದ್ದರು. ಅಪ್ಪನಿಗೆ ಇನ್ನಷ್ಟು ದಿನ ಕಾರು ಉಳಿಯಲಿ ಎಂದು, ಬೇಡದ ಜಗಳವನ್ನು ಭಾನುವಾರ ಭಾನುವಾರ ಹೊತ್ತು ತರುತ್ತಿದ್ದರು. ರೈಲಪ್ಪನಿಗೆ ನಗು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು.

ಸಂಜೆ ಎಂದಿನಂತೆ ಹೋಗಿ ಕಾರಿನಲ್ಲಿ ಕೂತ. ಸ್ಟಿಯರಿಂಗ್ ಹಿಡಿದ, ಆದರೆ ಗುಡ್ಡದ ರಸ್ತೆ ತಲೆಯೊಳಗೆ ಬರಲಿಲ್ಲ. ಬೇಕಾದರೆ ಇದನ್ನು ಸಾಯುವವರೆಗೂ ನಡೆಸಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಅದೇ ಅವನಿಗೆ ಚುಚ್ಚಿತು. ಕದ್ದು ಕೂತಾಗ ಸಿಕ್ಕಿದ್ದ ಸುಖ, ಕನಿಕರಪಟ್ಟು ಕೊಟ್ಟದ್ದು ಎಂದು ತಿಳಿದ ಮೇಲೆ ಸಿಗಲಿಲ್ಲ. ಎಂಜಿನ್ ಆರಿಸಿ ಒಳಗೆ ಬಂದ.

ಮುಂದಿನ ಭಾನುವಾರ ಮಗ ಇನ್ನೂರ ಇಪ್ಪತ್ತೈದು ಎಂದು ಬಾಯಿ ತೆರೆಯುವ ಮೊದಲೇ ರೈಲಪ್ಪ ಕೇಳಿದ.

"ನೂರ ತೊಂಬತ್ತೈದು ಹಾಕ್ಸಿದ್ರೆ ಹೇಗೆ?"

ಮಗಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಮಗ ಅಮ್ಮನನ್ನು ನೋಡಿದ. ಅಮ್ಮ ಕಿಟಕಿಯಾಚೆ ನೋಡಿದಳು.

"ಅದು ತುಂಬಾ... ನಡುವಿನದಾಯ್ತಲ್ಲ ಅಪ್ಪ" ಎಂದ ಮಗ.

"ನಾನಂತೂ ಒಪ್ಪಲ್ಲ" ಎಂದಳು ಮಗಳು.

"ಒಪ್ಪಿ ಆಗಿದೆಯಂತೆ. ಟೈರ್ ಅಂಗಡಿಯವನಿಗೆ ಕಾಲಿಡೋಕೆ ಜಾಗ ಇಲ್ಲವಂತೆ ಪಾಪ." ರೈಲಪ್ಪ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ. "ನಾನೂ ನಿಮ್ಮಿಬ್ರ ಕಿವಿ ಊದಿದ್ದೀನಿ. ಅದಕ್ಕೂ ಇದಕ್ಕೂ ಸರಿಹೋಯ್ತು. ನಾಳೆ ಹೋಗಿ ಹಾಕಿಸ್ಕೊಂಡು ಬನ್ನಿ."

ಯಾರೂ ಕೀ ಮುಟ್ಟಲಿಲ್ಲ. ಕೊನೆಗೆ ಅಮ್ಮನೇ ಅದನ್ನೆತ್ತಿ ಮಗಳ ಕೈಯಲ್ಲಿಟ್ಟಳು.

ಹೊಸ ಟೈರು ಹಾಕಿಸಿದ ಮಾರನೇ ಬೆಳಿಗ್ಗೆ ಮಗಳು ಕಾರು ತಂದು ಮನೆಯ ಮುಂದೆ ನಿಲ್ಲಿಸಿದಳು. ರೈಲಪ್ಪ ಅಭ್ಯಾಸಬಲದಿಂದ ಸ್ಟಿಯರಿಂಗ್ ಬದಿಗೆ ಹೋದ, ಒಳಗೆ ಮಗಳನ್ನು ಕಂಡ, ಸುತ್ತಿ ಬಂದು ಇನ್ನೊಂದು ಬದಿಯ ಬಾಗಿಲು ತೆಗೆದ. ಈ ಸೀಟಿನಲ್ಲಿ ಅವನು ಎಂದೂ ಕೂತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

ಗುಡ್ಡದ ರಸ್ತೆ ಬಂತು. ಮೊದಲ ತಿರುವಿನಲ್ಲಿ ಮಗಳು ಬೇಕೆಂದೇ ನಿಧಾನ ಮಾಡಿದಳು. "ನಾನೇನು ಗಾಜಿನ ಲೋಟಾನಾ?" ಎಂದ. ಎರಡನೆಯದಕ್ಕೆ ಅವಳು ವೇಗ ಬಿಡಲಿಲ್ಲ. ಅದು ಬಲಕ್ಕೆ ಉದ್ದವಾಗಿ ಸುತ್ತುವ ತಿರುವು. ಅವನ ಕೈಯಲ್ಲಿದ್ದಾಗ ಪ್ರತಿ ಸಲವೂ ಅಲ್ಲಿ ಕಾರಿನ ಮೂಗು ಹೊರಕ್ಕೆ ಎಳೆಯುತ್ತಿತ್ತು, ಅವನು ಹಲ್ಲು ಕಚ್ಚಿ ಒಳಕ್ಕೆ ತರುತ್ತಿದ್ದ, ಅದನ್ನೇ ಓಡಿಸುವ ಕಲೆ ಎಂದು ತಿಳಿದಿದ್ದ. ಈಗ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿತು. ಕಾರು ಮಾತ್ರ ಮಗಳು ಹೇಳಿದ ಕಡೆಗೆ, ಹೇಳಿದಷ್ಟೇ ತಿರುಗಿ, ಟೈರಿನಿಂದ ಒಂದು ಕಿರುಚೂ ಇಲ್ಲದೆ ಆಚೆಗೆ ಬಂತು.

ರೈಲಪ್ಪನಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಚೆನ್ನಾಗಿಯೇ ಉರಿಯಿತು. ಇಷ್ಟು ವರ್ಷ ತನ್ನದೆಂದುಕೊಂಡಿದ್ದ ತಿರುವನ್ನು ಇವಳು ಒಂದೇ ಬೆಳಿಗ್ಗೆ ಇಷ್ಟು ಅಚ್ಚುಕಟ್ಟಾಗಿ ತೆಗೆದುಕೊಂಡುಬಿಟ್ಟಳಲ್ಲ. ಮೇಲಿನ ಬಯಲಿನಲ್ಲಿ ಅವಳು ಕಾರು ನಿಲ್ಲಿಸಿ ಅಪ್ಪನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು.

"ಹೇಗಿತ್ತಪ್ಪ?"

ಅವಳಿಗೆ ಬೇಕಿದ್ದ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು: ಪರವಾಗಿಲ್ಲ ಮಗಳೇ, ಆದರೆ ನನ್ನ ಹಳೇ ಟೈರಿನ ಹಾಗೆ ಬರಲ್ಲ. ಹಾಗಂದಿದ್ದರೆ ಅವಳು ಸಂತೋಷವಾಗಿ ಸೋಲುತ್ತಿದ್ದಳು.

"ನನ್ನ ಕೈಯಲ್ಲಿ ಇದು ಒಂದು ದಿನವೂ ಹೀಗೆ ತಿರುಗಿರಲಿಲ್ಲ" ಎಂದ ರೈಲಪ್ಪ.

ಅವಳು ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಇಷ್ಟು ಹೊತ್ತು ಆ ಕೈಗೆ ಕೆಲಸವಿರಲಿಲ್ಲ.

"ಸರಿ, ಹಿಂದಕ್ಕೆ ತಿರುಗಿಸು" ಎಂದ. "ಆ ತಿರುವು ಇನ್ನೊಂದ್ ಸಲ ನೋಡೋಣ. ಈ ಸಲ ನಾನು ರಸ್ತೆ ನೋಡಲ್ಲ, ನಿನ್ನ ಕೈ ನೋಡ್ತೀನಿ."